ಮೇಳಗಾನವೂ ಲೋಕಸೇವೆಯೂ

ನಮ್ಮ ನೆರೆಯಲ್ಲಿ ವಾಸವಾಗಿರುವ ಗೃಹಸ್ಥರೊಬ್ಬರು ಕಳೆದ ತಿಂಗಳು ಒಂದು ಸಾಯಂಕಾಲ ನಮ್ಮ ಮನೆಗೆ ದಯಮಾಡಿಸಿದರು. ಅವರ ಮಗಳು ಹೈಸ್ಕೂಲಿನಲ್ಲಿ ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವಳು. ಕಂಠವು ಇಂಪಾಗಿರುವುದರಿಂದ ಶಾಲೆಯ ಗಾಯನಮೇಳಕ್ಕೆ ಸೇರಿರುವಳು. ಆ ಮೇಳದ ಮಕ್ಕಳು ತಿಂಗಳಿಗೊಂದಾವೃತ್ತಿ ಊರ ಹೊರಗಿನ ವೃದ್ಧಾಶ್ರಮಕ್ಕೆ ಹೋಗಿ ಹಾಡಿ ಬರುವ ವಾಡಿಕೆಯುಂಟು. ಈ ವಿಷಯವೇ ಅವರನ್ನು ನಮ್ಮಲ್ಲಿಗೆ ಕರೆತಂದಿತ್ತು.

"ಮೇಷ್ಟ್ರೇ, ಹಸಿದವರಿಗೆ ಅನ್ನ ಇಕ್ಕಿದರೆ ಸೇವೆ, ರೋಗಿಗೆ ಔಷಧ ಕೊಡಿಸಿದರೆ ಸೇವೆ. ಹಾಡಿ ಬಂದರೆ ಯಾರ ಹೊಟ್ಟೆ ತುಂಬೀತು? ಅಷ್ಟು ಹೊತ್ತು ಮನೆಯಲ್ಲಿ ಕುಳಿತು ಲೆಕ್ಕ ಮಾಡಿದ್ದರೆ ಹುಡುಗಿಗಾದರೂ ಉಪಕಾರವಾಗುತ್ತಿತ್ತು" ಎಂದರು.

ಪ್ರಶ್ನೆಯು ನ್ಯಾಯವಾದುದೇ. ಮಗಳ ಭವಿಷ್ಯವನ್ನು ಚಿಂತಿಸುವ ತಂದೆ ಕೇಳತಕ್ಕದ್ದನ್ನೇ ಅವರು ಕೇಳಿದರು. ನಾವು ಮೂವತ್ತು ವರುಷಗಳಿಗೂ ಮಿಕ್ಕಿ ಪಾಠ ಹೇಳಿದವರು. ಆ ವೃತ್ತಿಯ ಕಡೆಯ ಐದು ವರುಷ ಇಂಥದೊಂದು ಮೇಳವನ್ನು ನಡೆಯಿಸಿದವರು. ಅದರಲ್ಲಿ ಒಂದು ತಪ್ಪನ್ನೂ ಮಾಡಿದವರು. ಆ ತಪ್ಪನ್ನು ಹೇಳದೆ ಈ ಪ್ರಶ್ನೆಗೆ ಉತ್ತರ ಹೇಳುವುದು ನಮ್ಮಿಂದ ಸಾಧ್ಯವಿಲ್ಲವಾದ್ದರಿಂದ, ನಮ್ಮ ವಾಚಕರು ಸ್ವಲ್ಪ ತಾಳ್ಮೆಯಿಂದ ಕೇಳಬೇಕೆಂದು ಪ್ರಾರ್ಥನೆ.

ಮೊದಲು ಶಾಸ್ತ್ರದ ಮಾತು. ನಮ್ಮ ಸಂಗೀತವು ಒಬ್ಬೊಬ್ಬರೇ ಹಾಡತಕ್ಕದ್ದೆಂದೂ, ಕೂಡಿ ಹಾಡುವುದು ಪಾಶ್ಚಾತ್ಯರ ಪದ್ಧತಿಯೆಂದೂ ಅನೇಕರು ತಿಳಿದಿರುವರು. ಇದು ಪೂರ್ತಿ ನಿಜವಲ್ಲ. ಸಾಮಗಾನದಲ್ಲಿ ಪ್ರಸ್ತೋತೃ, ಉದ್ಗಾತೃ, ಪ್ರತಿಹರ್ತೃ ಎಂದು ಮೂವರು ಋತ್ವಿಜರು ಸಾಮದ ಭಾಗಗಳನ್ನು ಹಂಚಿಕೊಂಡು ಹಾಡುವರು. ಕಟ್ಟಕಡೆಯ ಭಾಗವಾದ 'ನಿಧನ'ವನ್ನು ಮಾತ್ರ ಮೂವರೂ ಕೂಡಿಯೇ ಹಾಡತಕ್ಕದ್ದು. ಇನ್ನು 13ನೆಯ ಶತಮಾನದಲ್ಲಿ, ದೇವಗಿರಿಯ ಸೇವುಣ ದೊರೆ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ತನ್ನ 'ಸಂಗೀತರತ್ನಾಕರ'ದಲ್ಲಿ ಮೇಳಕ್ಕೆ 'ವೃಂದ'ವೆಂದು ಹೆಸರಿಟ್ಟು ಅದರ ಲಕ್ಷಣವನ್ನು ವಿಸ್ತರಿಸಿರುವನು. ಉತ್ತಮ ವೃಂದದಲ್ಲಿ ಮುಖ್ಯ ಗಾಯಕರು 4 ಮಂದಿ, ಅವರೊಡನೆ ಹಾಡುವ ಸಮಗಾಯಕರು 8 ಮಂದಿ, ಗಾಯಕಿಯರು 12 ಮಂದಿ, ಕೊಳಲಿನವರು 4 ಮಂದಿ, ಮೃದಂಗದವರು 4 ಮಂದಿ ಇರಬೇಕಂತೆ. ವಿಜಯನಗರದ ಕಾಲದಲ್ಲಿ ಈ ಗ್ರಂಥಕ್ಕೆ ಕಲ್ಲಿನಾಥನು 'ಕಲಾನಿಧಿ'ಯೆಂಬ ವ್ಯಾಖ್ಯಾನವನ್ನು ಬರೆದನೆಂಬುದನ್ನು ನೆನೆದರೆ, ಈ ವಿದ್ಯೆ ನಮ್ಮ ನಾಡಿಗೆ ದೂರದ್ದಲ್ಲವೆಂಬುದು ಸ್ಪಷ್ಟವಾಗುವುದು.

ಆ ಶಾರ್ಙ್ಗದೇವನು ವೃಂದಕ್ಕೆ ಆರು ಗುಣಗಳನ್ನು ಹೇಳಿರುವನು. ಮುಖ್ಯ ಗಾಯಕನನ್ನು ಅನುಸರಿಸುವುದು ಒಂದು; ದನಿಗಳು ಒಂದರಲ್ಲೊಂದು ಬೆರೆಯುವುದು ಎರಡು; ತಾಳಲಯಗಳಿಗೆ ಹೊಂದಿ ನಡೆಯುವುದು ಮೂರು; ಮಂದ್ರ ಮಧ್ಯ ತಾರವೆಂಬ ಮೂರು ಸ್ಥಾನಗಳನ್ನೂ ವ್ಯಾಪಿಸುವ ಶಕ್ತಿ ಮತ್ತೊಂದು; ಕಂಠಗಳ ಹೋಲಿಕೆ ಇನ್ನೊಂದು. ಇವೆಲ್ಲವೂ ಯಾರಿಗಾದರೂ ತೋರುವ ಗುಣಗಳೇ. ಆದರೆ ಇವುಗಳ ನಡುವೆ ಆತನು 'ಮಿಥಸ್ತ್ರುಟಿತನಿರ್ವಾಹ'ವೆಂಬ ಗುಣವೊಂದನ್ನು ಇರಿಸಿರುವನು. ಒಬ್ಬನ ಗಾನವು ಎಲ್ಲಿ ತುಂಡಾಗುವುದೋ ಅಲ್ಲಿ ಮತ್ತೊಬ್ಬನು ಅದನ್ನು ಎತ್ತಿಕೊಂಡು ನಡೆಯಿಸುವುದೆಂದು ಇದರ ತಾತ್ಪರ್ಯ. ಯಾವ ಗಾಯಕನ ಎದೆಯಲ್ಲೂ ಉಸಿರು ಬಹಳ ಹೊತ್ತು ನಿಲ್ಲದು. ಆದರೆ ಇಪ್ಪತ್ತು ಮಂದಿ ಒಂದು ದೀರ್ಘಸ್ವರವನ್ನು ಹಿಡಿದಾಗ ಒಬ್ಬೊಬ್ಬರು ಒಂದೊಂದು ಸಮಯದಲ್ಲಿ ಉಸಿರನ್ನು ಎಳೆದುಕೊಂಡರೆ, ಕೇಳುವವರಿಗೆ ಸ್ವರವು ಕಡಿದುದೇ ತಿಳಿಯದು. ಈ ಗುಣವನ್ನು ನಾವು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದ್ದೆವು. ಅದರ ಅರ್ಥವು ನಮಗೇ ತಿಳಿದುದು ಬಹಳ ತಡವಾಗಿ.

ವಿದ್ಯಾರ್ಥಿಗಳು ಕೂಡಿ ಹಾಡುತ್ತ ಜನರ ಬಾಗಿಲಿಗೆ ಹೋಗುವುದೂ ನಮ್ಮಲ್ಲಿ ಹೊಸದಲ್ಲ. ಕುಂದಾಪುರ, ಉಡುಪಿಯ ಕಡೆ ನವರಾತ್ರಿಯ ದಿವಸಗಳಲ್ಲಿ 'ಹೂವಿನಕೋಲು' ಎಂಬ ಸಂಪ್ರದಾಯವುಂಟು. ಐಗಳ ಮಠದ ಹುಡುಗರು ಹೂವಿನಿಂದ ಅಲಂಕರಿಸಿದ ಕೋಲುಗಳನ್ನು ಹಿಡಿದು, ಗುರುವಿನೊಡನೆ ಮನೆಮನೆಗೆ ಹೋಗಿ, ಮನೆತನಕ್ಕೆ ಶುಭವನ್ನು ಕೋರುವ ಚೌಪದಿಗಳನ್ನು ಹಾಡುತ್ತಿದ್ದರು. ಯಕ್ಷಗಾನದ ಪ್ರಸಂಗಗಳ ಮಾತನ್ನೂ ಒಪ್ಪಿಸುತ್ತಿದ್ದರು. ಮನೆಯವರು ಕೊಟ್ಟುದು ಗುರುವಿನ ಜೀವನಕ್ಕೆ ಒದಗುತ್ತಿತ್ತು. ಹತ್ತಿರದ ಕಾಲಕ್ಕೆ ಬಂದರೆ, ಚಲಚ್ಚಿತ್ರ ಸಂಗೀತಗಾರರಾದ ಎಂ. ಬಿ. ಶ್ರೀನಿವಾಸನ್ ಅವರು 1970ರ ದಶಕದಲ್ಲಿ ಮದರಾಸ್ ಯೂತ್ ಕ್ವಾಯರ್ ಎಂಬ ಮೇಳವನ್ನು ಬೆಳೆಯಿಸಿ, ನಾನಾ ಭಾಷೆಗಳ ಹಾಡುಗಳನ್ನು ತರುಣರಿಂದ ಕೂಡಿಸಿ ಹಾಡಿಸಿದರು. ಶಾಲೆಯ ಮಕ್ಕಳಲ್ಲಿ ಸಮೂಹಗಾನವನ್ನು ಹರಡುವುದಕ್ಕೂ ಬಹಳವಾಗಿ ಶ್ರಮಿಸಿದರು. ಅವರು 1988ರಲ್ಲಿ ಕಾಲವಾದರು.

ಇನ್ನು ನಮ್ಮ ಕಥೆ. 2018ನೆಯ ಇಸವಿ ಜೂನ್ ತಿಂಗಳಲ್ಲಿ ನಾವು ಕೆಲಸ ಮಾಡುತ್ತಿದ್ದ ಹೈಸ್ಕೂಲಿನಲ್ಲಿ ಹತ್ತೊಂಬತ್ತು ಮಂದಿ ಬಾಲಕ ಬಾಲಿಕೆಯರ ಮೇಳವೊಂದನ್ನು ಕಟ್ಟಿದೆವು. ನಿಜವನ್ನು ಹೇಳಬೇಕಾದರೆ, ಆಗ ನಮ್ಮ ಕಣ್ಣಿದ್ದುದು ಸ್ಪರ್ಧೆಯ ಬಹುಮಾನದ ಮೇಲೆ. ಮೇಳದಲ್ಲಿ ಒಬ್ಬ ಹುಡುಗನಿದ್ದನು. ಹದಿನಾಲ್ಕನೆಯ ವರುಷ, ದನಿ ಒಡೆಯುವ ಕಾಲ. ಈ ವಯಸ್ಸಿನಲ್ಲಿ ಗಂಡುಮಕ್ಕಳ ಧ್ವನಿಪೆಟ್ಟಿಗೆ ಬೆಳೆದು ದನಿಯು ಹೆಚ್ಚುಕಡಮೆ ಒಂದು ಸ್ಥಾಯಿಯಷ್ಟು ಕೆಳಕ್ಕೆ ಇಳಿಯುವುದು; ಇಳಿಯುವಾಗ ತಿಂಗಳುಗಟ್ಟಲೆ ಅಂಕೆಗೆ ಸಿಗದೆ ಬಿರಿಯುವುದು. ಅದು ಹುಡುಗನ ತಪ್ಪಲ್ಲ. ಹಾಗಿದ್ದರೂ ನಾವು ಅವನನ್ನು ಪಕ್ಕಕ್ಕೆ ಕರೆದು, "ಸ್ಪರ್ಧೆಯ ದಿವಸ ತುಟಿಯನ್ನು ಮಾತ್ರ ಆಡಿಸಪ್ಪಾ, ದನಿ ಹೊರಡಿಸಬೇಡ" ಎಂದೆವು. "ಆಗಲಿ ಸಾರ್" ಎಂದನು. ಅವನ ಮುಖವನ್ನು ನಾವು ಆಗ ಸರಿಯಾಗಿ ನೋಡಲಿಲ್ಲ.

ಸ್ಪರ್ಧೆಯಲ್ಲಿ ಬಹುಮಾನವೇನೂ ಬರಲಿಲ್ಲ. ಕಲಿತ ಹಾಡುಗಳು ವ್ಯರ್ಥವಾಗದಿರಲೆಂದು ಮಕ್ಕಳನ್ನು ಊರ ಹೊರಗಿನ ಒಂದು ವೃದ್ಧಾಶ್ರಮಕ್ಕೆ ಕರೆದುಕೊಂಡು ಹೋದೆವು. ಮೊದಲನೆಯ ಭೇಟಿ ಕೆಟ್ಟಿತೆಂದೇ ಹೇಳಬೇಕು. ಧ್ವನಿವರ್ಧಕವನ್ನು ಬಾಡಿಗೆಗೆ ತಂದಿದ್ದೆವು. ವೃದ್ಧಾಪ್ಯದಲ್ಲಿ ಕಿವಿಯು ಮೊದಲು ಕಳೆದುಕೊಳ್ಳುವುದು ಮೇಲಿನ ಶ್ರುತಿಯ ದನಿಗಳನ್ನು. ಆದ್ದರಿಂದ ಎಳೆಯ ಮಕ್ಕಳ ಕೀಚುದನಿಯನ್ನು ಯಂತ್ರದಿಂದ ಹೆಚ್ಚಿಸಿದರೆ ಅವರಿಗೆ ಗದ್ದಲವು ಕೇಳುವುದೇ ಹೊರತು ಹಾಡು ಕೇಳದು. ಮುದುಕರೊಬ್ಬರು ಎರಡೂ ಕಿವಿಗಳನ್ನು ಮುಚ್ಚಿಕೊಂಡು ಕುಳಿತರು. ಹಾಡುಗಳಾದರೂ ಸ್ಪರ್ಧೆಗೆಂದು ಹೊಸದಾಗಿ ರಾಗ ಹಾಕಿದವು. ಕುಳಿತವರಲ್ಲಿ ಒಬ್ಬರಿಗೂ ಪರಿಚಯವಿಲ್ಲದವು. ಹಾಡು ಮುಗಿದ ಕೂಡಲೆ ಬಾಳೆಹಣ್ಣು ಹಂಚಿ, ಫೋಟೋ ತೆಗೆಸಿ, ಬಸ್ಸಿಗೆ ಹೊತ್ತಾಯಿತೆಂದು ಹೊರಟೆವು.

ಬಾಗಿಲಲ್ಲಿ ಒಬ್ಬ ಅಜ್ಜಿ ಹುಡುಗಿಯೊಬ್ಬಳ ಕೈಹಿಡಿದು, "ನಿನಗೆ ಸೋಬಾನೆ ಬರುತ್ತದೆಯೇನೇ ಮಗಾ?" ಎಂದು ಕೇಳಿದರು. ಹುಡುಗಿ ಬರುವುದಿಲ್ಲವೆಂದಳು. "ನನಗೆ ಬರುತ್ತೆ" ಎಂದರು ಅಜ್ಜಿ. ಅಷ್ಟರಲ್ಲಿ ಬಸ್ಸು ಬಂದಿತು.

ಹಿಂದಿರುಗುವಾಗ ಆ ಹುಡುಗಿ, "ಸಾರ್, ಅವರೂ ಹಾಡಬೇಕು ಅಂತಿದ್ದರು, ನಾವು ಕೇಳಲೇ ಇಲ್ಲ" ಎಂದಳು. ಮೂವತ್ತು ವರುಷ ಪಾಠ ಹೇಳಿದವರಿಗೆ ಆ ಮಾತು ಸಾಕಾಯಿತು. ಮುಂದಿನ ತಿಂಗಳು ಯಂತ್ರವನ್ನು ಒಯ್ಯಲಿಲ್ಲ, ಶ್ರುತಿಯನ್ನು ಇಳಿಸಿದೆವು, ಮಕ್ಕಳು ಸಾಲಾಗಿ ನಿಲ್ಲದೆ ಒಬ್ಬೊಬ್ಬರು ಒಬ್ಬೊಬ್ಬ ಹಿರಿಯರ ಪಕ್ಕದಲ್ಲಿ ಕುಳಿತು ಹಾಡಿದರು. ಪುರಂದರದಾಸರ ದೇವರನಾಮಗಳು, ಬಸವಣ್ಣನವರ ವಚನಗಳು, ಶಿಶುನಾಳ ಷರೀಫರ ತತ್ತ್ವಪದಗಳು: ಅವರ ಎಳೆತನದಿಂದ ಅವರ ಬಾಯಲ್ಲಿದ್ದವೇ ಇವು. ಅರ್ಧ ಗಂಟೆ ಮಕ್ಕಳ ಹಾಡು. ಮಿಕ್ಕ ಅರ್ಧ ಗಂಟೆ ಹಿರಿಯರದು. ಅಜ್ಜಿಯವರು ಸೋಬಾನೆ ಹೇಳಿಕೊಟ್ಟರು. ಹುಡುಗಿಯರು ಬರೆದುಕೊಂಡರು. ರಾಗ ತಪ್ಪಿದಾಗ ಅಜ್ಜಿ ತೊಡೆ ತಟ್ಟಿ ತಿದ್ದಿದರು; ನಮ್ಮ ತಿದ್ದುಪಡಿಗಿಂತ ಅದು ಚೆನ್ನಾಗಿ ನಾಟಿತು.

ಅಲ್ಲಿ ಮರೆವಿನ ರೋಗದ ಹಿರಿಯರೊಬ್ಬರಿದ್ದರು. ನೋಡಲು ಬಂದ ಮಗನನ್ನು "ನೀವು ಯಾವ ಊರಿನವರು?" ಎಂದು ಕೇಳುವಷ್ಟು ಮರೆವು. ಮಕ್ಕಳು ಒಂದು ದೇವರನಾಮವನ್ನು ಎತ್ತಿದಾಗ ಅವರ ತುಟಿಗಳು ಅಲುಗಿದವು. ಪಲ್ಲವಿಯಿಂದ ಅಂಕಿತದವರೆಗೆ ಒಂದಕ್ಷರವೂ ತಪ್ಪದೆ ಹಾಡಿದರು. ಹೆಸರುಗಳೂ ಮುಖಗಳೂ ಅಳಿಸಿಹೋದ ಮೇಲೆಯೂ ಎಳೆತನದಲ್ಲಿ ಕಲಿತ ಹಾಡು ಬಹುಕಾಲ ಉಳಿಯುವುದುಂಟೆಂದು ವೈದ್ಯರು ಹೇಳುವರು. ನಾವು ಅದನ್ನು ಕಣ್ಣಾರೆ ಕಂಡೆವು.

ದನಿ ಒಡೆದ ಹುಡುಗನೂ ಬಂದಿದ್ದನು. ಅವನು ಹಾಡಲು ಕೂಡಲಿಲ್ಲ. ಕಣ್ಣು ಮಬ್ಬಾದ, ರೈಲ್ವೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ತಾತನವರ ಬಳಿ ಕುಳಿತು ವೃತ್ತಪತ್ರಿಕೆಯನ್ನು ಓದಿ ಹೇಳಿದನು. ತಾತನವರು, "ಇವನ ದನಿ ಚೆನ್ನಾಗಿದೆ, ದಪ್ಪಗಿದೆ, ನನಗೆ ಕೇಳಿಸುತ್ತದೆ" ಎಂದರು. ನಾವು ಯಾವ ದನಿಯನ್ನು ಅಡಗಿಸೆಂದಿದ್ದೆವೋ ಆ ದನಿಯೇ ಅಲ್ಲಿ ಬೇಕಾಗಿತ್ತು! ಅಂದು ನಾವು ಆ ಹುಡುಗನಲ್ಲಿ ಕ್ಷಮೆಯನ್ನು ಕೇಳಿದೆವು. ಮೇಷ್ಟರು ಶಿಷ್ಯನಲ್ಲಿ ಕ್ಷಮೆ ಕೇಳುವುದು ನಮ್ಮ ಕಾಲದ ವಾಡಿಕೆಯಲ್ಲ. ಆದರೂ ಕೇಳಿದುದರಿಂದ ನಷ್ಟವೇನೂ ಆಗಲಿಲ್ಲ.

ಹೀಗೆ ಐದಾರು ತಿಂಗಳು ನಡೆಯಿತು. ಪ್ರತಿ ಸಲವೂ ಹೊರಡುವಾಗ ಮಕ್ಕಳು, "ಬರುವ ತಿಂಗಳು ಮೊದಲನೆಯ ಶನಿವಾರ ಬರುತ್ತೇವೆ ಅಜ್ಜಿ" ಎನ್ನುವರು. ಈಗ ನಮ್ಮ ತಪ್ಪಿನ ವಿಷಯಕ್ಕೆ ಬಂದೆವು. 2019ನೆಯ ಇಸವಿ ಫೆಬ್ರವರಿ ತಿಂಗಳಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಸಿದ್ಧತೆ ಜೋರಾಯಿತು. ಮೇಳದ ಹತ್ತೊಂಬತ್ತರಲ್ಲಿ ಹನ್ನೊಂದು ಮಂದಿ ಹತ್ತನೆಯ ತರಗತಿಯವರು. ತಂದೆತಾಯಿಗಳು ಬಂದು ಬೇಡಿಕೊಂಡರು. ನಾವು ಒಪ್ಪಿದೆವು. ಉಳಿದ ಎಂಟು ಮಂದಿಯಿಂದ ಮೇಳವು ಶೋಭಿಸದೆಂದು ಭಾವಿಸಿ, ಶನಿವಾರದ ಭೇಟಿಯನ್ನೇ ನಿಲ್ಲಿಸಿದೆವು. ಮಾರ್ಚಿಯಲ್ಲೂ ಹೋಗಲಿಲ್ಲ. ಆಶ್ರಮಕ್ಕೆ ಒಂದು ಮಾತು ಹೇಳಿ ಕಳುಹಿಸುವುದು ನಮಗೆ ತೋಚಲಿಲ್ಲ.

ಏಪ್ರಿಲಿನಲ್ಲಿ ಪರೀಕ್ಷೆಗಳು ಮುಗಿದ ಮೇಲೆ ನಾವೊಬ್ಬರೇ ಅತ್ತ ಹೋದೆವು. ಆಶ್ರಮವನ್ನು ನೋಡಿಕೊಳ್ಳುವ ಮಹಿಳೆ ಹೇಳಿದರು: ಆ ಎರಡು ಶನಿವಾರಗಳಲ್ಲೂ ಅಜ್ಜಿಯರು ಮಧ್ಯಾಹ್ನವೇ ತಲೆ ಬಾಚಿಕೊಂಡು, ಪೆಟ್ಟಿಗೆಯಲ್ಲಿಟ್ಟಿದ್ದ ಸೀರೆಯನ್ನು ಉಟ್ಟು, ಜಗಲಿಯಲ್ಲಿ ಕುರ್ಚಿಗಳನ್ನು ಹಾಕಿಸಿಕೊಂಡು ಕುಳಿತಿದ್ದರಂತೆ. ದೀಪ ಹೊತ್ತಿಸುವವರೆಗೂ ಏಳಲಿಲ್ಲವಂತೆ. ಸೋಬಾನೆಯ ಅಜ್ಜಿ ನಮ್ಮನ್ನು ಕಂಡು ಕೋಪಿಸಲಿಲ್ಲ. "ಮಕ್ಕಳಿಗೆ ಪರೀಕ್ಷೆ ಅಂತ ಆಮೇಲೆ ಗೊತ್ತಾಯಿತು ಮೇಷ್ಟ್ರೇ. ಮೊದಲೇ ಹೇಳಿದ್ದರೆ ನಾವು ಕಾಯುತ್ತಿರಲಿಲ್ಲ" ಎಂದರು ಅಷ್ಟೆ.

ಮಕ್ಕಳನ್ನೋ ಸಂಬಂಧಿಕರನ್ನೋ ಕಾದು ಕಾದು ದಣಿದಿರುವವರು ಅವರು. ಅವರಿಗೆ ನಾವು ಕಾಯುವುದಕ್ಕೆ ಇನ್ನೊಂದು ಕಾರಣವನ್ನು ಕೊಟ್ಟೆವು. ಹೋಗದೇ ಇದ್ದಿದ್ದರೆ ಅವರಿಗೆ ಈ ನಷ್ಟವಿರಲಿಲ್ಲ. ಹೋಗಿ, ನಂಬಿಸಿ, ನಿಲ್ಲಿಸಿದುದರಿಂದ ನಷ್ಟವಾಯಿತು. ಅಂದು ರಾತ್ರಿ ಶಾರ್ಙ್ಗದೇವನ ನಾಲ್ಕನೆಯ ಗುಣವು ನೆನಪಿಗೆ ಬಂದು, ನಮ್ಮ ಪಾಂಡಿತ್ಯಕ್ಕೆ ನಾವೇ ನಾಚಿದೆವು. ಹನ್ನೊಂದು ದನಿಗಳು ನಿಂತಲ್ಲಿ ಎಂಟು ದನಿಗಳು ಎತ್ತಿಕೊಳ್ಳಬೇಕಾಗಿತ್ತು. ಅದಕ್ಕಾಗಿಯೇ ಅಲ್ಲವೇ ಅದು ಮೇಳ?

ಆ ವರುಷದ ಜೂನ್ ತಿಂಗಳಿಂದ ಏರ್ಪಾಡನ್ನು ಬದಲಾಯಿಸಿದೆವು. ಎಂಟು, ಒಂಬತ್ತು, ಹತ್ತು, ಮೂರು ತರಗತಿಗಳಿಂದಲೂ ಮಕ್ಕಳನ್ನು ಸೇರಿಸಿದೆವು. ಹತ್ತನೆಯವರು ದೀಪಾವಳಿಯ ತನಕ ಮುಂದಾಳುಗಳು, ಆಮೇಲೆ ಒಂಬತ್ತನೆಯವರು. ನಾಲ್ಕೇ ಮಂದಿ ಸಿಕ್ಕಿದರೆ ನಾಲ್ಕೇ ಮಂದಿ ಹೋಗತಕ್ಕದ್ದು. ಆದರೆ ಮೊದಲನೆಯ ಶನಿವಾರ ತಪ್ಪತಕ್ಕದ್ದಲ್ಲ. ಹೊಸ ಮಕ್ಕಳಿಗೆ ಹಾಡುಗಳನ್ನು ಹಳಬರೇ ಕಲಿಸಬೇಕು. ಇಂಥ ಹಿರಿಯರಿಗೆ ಇಂಥ ಹಾಡು ಪ್ರಿಯ, ಇಂಥವರಿಗೆ ಎಡಗಿವಿ ಕೇಳದು, ಇಂಥವರ ಮುಂದೆ ಮಗನ ಮಾತೆತ್ತಬಾರದು ಎಂಬಿವನ್ನೆಲ್ಲ ಬರೆದ ಒಂದು ನೋಟುಪುಸ್ತಕವು ಹಳಬರಿಂದ ಹೊಸಬರ ಕೈಗೆ ದಾಟಬೇಕು. ನಮ್ಮ ಮೇಳದ ಆಸ್ತಿಯೆಂದರೆ ಆ ಪುಸ್ತಕವೇ.

ಈ ಏರ್ಪಾಡಿಗೆ ಕಠಿನ ಪರೀಕ್ಷೆಯು ಬೇಗನೆ ಒದಗಿತು. 2020ನೆಯ ಇಸವಿ ಮಾರ್ಚಿಯಲ್ಲಿ ಕೊರೋನಾ ವ್ಯಾಧಿಯ ದೆಸೆಯಿಂದ ದೇಶವೆಲ್ಲ ಬಾಗಿಲು ಹಾಕಿತು. ಶಾಲೆಯೂ ಮುಚ್ಚಿತು, ಆಶ್ರಮವೂ ಹೊರಗಿನವರಿಗೆ ಮುಚ್ಚಿತು. ಮಕ್ಕಳು ಮೊಬೈಲು ಫೋನಿನಲ್ಲಿ ಕೂಡಿ ಹಾಡಲು ನೋಡಿದರು. ಆಗಲಿಲ್ಲ, ಒಬ್ಬರ ದನಿ ಇನ್ನೊಬ್ಬರಿಗೆ ಮುಟ್ಟುವಷ್ಟರಲ್ಲಿ ಕ್ಷಣಾರ್ಧ ಕಳೆದು ತಾಳವು ಚೆದರುವುದು. ಒಂದು ಹುಡುಗಿಯು ಉಪಾಯ ಹೇಳಿದಳು: "ಕೂಡಿ ಬೇಡ ಸಾರ್, ಒಬ್ಬೊಬ್ಬರು ಒಂದೊಂದು ಚರಣ ಹಾಡೋಣ." ಹಾಗೆಯೇ ನಡೆಯಿತು. ಆಶ್ರಮದ ಮಹಿಳೆ ಫೋನನ್ನು ಹಿಡಿದುಕೊಂಡು ಹಾಸಿಗೆಯಿಂದ ಹಾಸಿಗೆಗೆ ನಡೆದರು. ಒಬ್ಬಳು ಬಿಟ್ಟಲ್ಲಿ ಇನ್ನೊಬ್ಬನು ಎತ್ತಿಕೊಂಡನು. ಸಂಗೀತವೆಂದು ಎಣಿಸಿದರೆ ಅದು ಏನೂ ಅಲ್ಲ. ಆದರೆ ಶನಿವಾರವು ತಪ್ಪಲಿಲ್ಲ.

ಸೇವೆಯನ್ನು ಗಂಟೆಗಳಿಂದ ಅಳೆಯುವ ಪದ್ಧತಿಯೂ ಲೋಕದಲ್ಲಿ ಉಂಟು. ಅಮೆರಿಕಾದ ಮೇರಿಲ್ಯಾಂಡ್ ರಾಜ್ಯದಲ್ಲಿ ವಿದ್ಯಾರ್ಥಿಯು ಹೈಸ್ಕೂಲನ್ನು ಮುಗಿಸಬೇಕಾದರೆ 75 ಗಂಟೆಗಳ ಸೇವಾಶಿಕ್ಷಣವನ್ನು ಪಡೆದಿರಬೇಕೆಂಬ ಕಟ್ಟಳೆಯಿದೆ. ಆ ದೇಶದ ಹೈಸ್ಕೂಲು ಮೇಳಗಳ ಮಕ್ಕಳು ಡಿಸೆಂಬರಿನಲ್ಲಿ ವೃದ್ಧರ ಶುಶ್ರೂಷಾಲಯಗಳಿಗೆ ಹೋಗಿ ಕ್ರಿಸ್ತಜಯಂತಿಯ ಹಾಡುಗಳನ್ನು ಹಾಡುವುದು ಎಲ್ಲೆಡೆಯೂ ಕಾಣುವ ರೂಢಿ. ಕಟ್ಟಳೆಯನ್ನು ನಾವು ಹಳಿಯುವುದಿಲ್ಲ. ಒತ್ತಾಯದಿಂದ ಹೊಸಲು ದಾಟಿದ ಮಗುವು ಆಮೇಲೆ ಪ್ರೀತಿಯಿಂದ ಕುಳಿತುಕೊಂಡೀತು. ಆದರೆ ಗಂಟೆಗಳನ್ನು ಎಣಿಸುವವರು ಮಕ್ಕಳು ಹಾಡಿದ ಹೊತ್ತನ್ನು ಎಣಿಸುವರು. ಹಿರಿಯರು ಎಣಿಸುವುದು ಮಕ್ಕಳು ಮತ್ತೆ ಬರುವುದಕ್ಕೆ ಉಳಿದಿರುವ ದಿವಸಗಳನ್ನು. ಈ ಎರಡು ಲೆಕ್ಕಗಳೂ ಬೇರೆ.

ಮಕ್ಕಳನ್ನು ಇಂಥ ಕಾರ್ಯಕ್ಕೆ ಕಳುಹಿಸುವ ಗೃಹಸ್ಥರಿಗೂ ಗೃಹಿಣಿಯರಿಗೂ ನಮ್ಮ ಅನುಭವದ ಎರಡು ಮಾತು. ತಿಂಗಳಿಗೊಂದಾವೃತ್ತಿ ಒಂದು ಗಂಟೆ ಸಾಕು. ಹೆಚ್ಚು ಒಪ್ಪಿಕೊಂಡು ತಪ್ಪುವುದಕ್ಕಿಂತ ಕಡಮೆ ಒಪ್ಪಿಕೊಂಡು ನಡೆಯಿಸುವುದು ಲೇಸು. ಹೋಗಲಾಗದಿದ್ದರೆ ಮುಂಚಿತವಾಗಿ ತಿಳಿಸುವುದನ್ನು ಮಗುವಿಗೆ ಕಲಿಸಿರಿ. ನೆಗಡಿ ಕೆಮ್ಮು ಇದ್ದ ದಿವಸ ಕಳುಹಿಸಬೇಡಿರಿ. ಮಕ್ಕಳಿಗೆ ಅಲ್ಪವಾದ ರೋಗವು ಮುಪ್ಪಿನವರಿಗೆ ಅಲ್ಪವಲ್ಲ. ಅಲ್ಲಿಯವರ ಒಪ್ಪಿಗೆಯಿಲ್ಲದೆ ಫೋಟೋ ತೆಗೆಯುವುದು ಬೇಡ. ಸೋತ ಮುಖವನ್ನು ಲೋಕಕ್ಕೆ ತೋರಿಸಲು ಯಾರಿಗೂ ಇಷ್ಟವಿರದು. ಮಗು ಮನೆಗೆ ಹಿಂದಿರುಗಿದ ಮೇಲೆ "ಎಷ್ಟು ಹಾಡು ಹಾಡಿದೆ?" ಎನ್ನದೆ, "ಯಾರ ಹಾಡು ಕೇಳಿ ಬಂದೆ?" ಎಂದು ವಿಚಾರಿಸಿರಿ. ಮನೆಯಲ್ಲಿಯೇ ಅಜ್ಜ ಅಜ್ಜಿಯರಿದ್ದರೆ ಅಭ್ಯಾಸವು ಅಲ್ಲಿಂದಲೇ ಆರಂಭವಾಗಲಿ. ಹತ್ತಿರದ ಜಗಲಿಯನ್ನು ಬಿಟ್ಟು ದೂರದ ಜಗಲಿಗೆ ಹೋಗಿ ಹಾಡುವುದು ಅಷ್ಟು ಚೆಂದವಲ್ಲ.

ನಮ್ಮ ನೆರೆಯ ಗೃಹಸ್ಥರಿಗೆ ಅಂದು ಇಷ್ಟನ್ನೂ ಹೇಳಲಾಗಲಿಲ್ಲ. "ಹಾಡಿನಿಂದ ಹೊಟ್ಟೆ ತುಂಬದು, ನಿಜ. ಅನ್ನವನ್ನು ಆ ಆಶ್ರಮದವರು ಇಕ್ಕುತ್ತಿದ್ದಾರೆ. ತನ್ನನ್ನು ನೋಡಲು ಇಂಥ ದಿವಸ ಇಂಥವರು ಬರುತ್ತಾರೆಂಬ ನಂಬಿಕೆಯನ್ನು ಇಕ್ಕುವವರು ಬೇಕಾಗಿದ್ದಾರೆ. ಲೆಕ್ಕದ ವಿಷಯವೋ, ಬಾಕಿ ದಿವಸಗಳಲ್ಲಿ ಮಾಡಲಿ, ಸಂಶಯ ಬಂದರೆ ನಮ್ಮಲ್ಲಿಗೆ ಕಳುಹಿಸಿರಿ" ಎಂದೆವು. ಅವರು ನಕ್ಕು ಹೊರಟರು.

ಈ ತಿಂಗಳ ಮೊದಲನೆಯ ಶನಿವಾರ ನಾವೂ ಆ ಆಶ್ರಮಕ್ಕೆ ಹೋಗಿದ್ದೆವು. ಈಗ ಮೇಷ್ಟರಾಗಿ ಅಲ್ಲ, ಕೇಳುವವರ ಸಾಲಿನಲ್ಲಿ ಕುಳಿತುಕೊಳ್ಳುವುದಕ್ಕೆ. ಸೋಬಾನೆಯ ಅಜ್ಜಿ ಈಗಿಲ್ಲ, 2022ರಲ್ಲಿ ತೀರಿಕೊಂಡರು. ಏಳು ಮಂದಿ ಮಕ್ಕಳು ಬಂದಿದ್ದರು. ಅವರಲ್ಲಿ ಯಾರೂ ಆ ಅಜ್ಜಿಯನ್ನು ಕಂಡವರಲ್ಲ. ಆದರೂ ಆ ನೋಟುಪುಸ್ತಕವನ್ನು ನಡುವೆ ತೆರೆದಿಟ್ಟುಕೊಂಡು ಆಕೆಯ ಸೋಬಾನೆಯನ್ನೇ ಹಾಡಿದರು. ಎರಡನೆಯ ನುಡಿಯಲ್ಲಿ ಒಂದು ಮಗುವಿನ ಉಸಿರು ಕಡಿಯಿತು. ಪಕ್ಕದ ಹುಡುಗಿ ಎತ್ತಿಕೊಂಡಳು. ನೆರೆಯವರ ಮಗಳೇ ಅವಳು. ಹಾಡು ನಿಲ್ಲಲಿಲ್ಲ.